ಒಬ್ಬಳೇ ಸುಭದ್ರೆ, ಹಲವು ಕೊರಳು

ಸಂಗೀತ ನಾಟಕದ ಚರಿತ್ರೆಯನ್ನು ಒಂದೇ ಒಂದು ಪಾತ್ರದ ಮೂಲಕ ಹೇಳಬೇಕಾಗಿ ಬಂದರೆ ನಾನು ಆರಿಸಿಕೊಳ್ಳುವುದು ‘ಸಂಗೀತ ಸೌಭದ್ರ’ದ ಸುಭದ್ರೆಯನ್ನು. 1882ರ ನವೆಂಬರಿನಲ್ಲಿ ಪುಣೆಯ ರಂಗದ ಮೇಲೆ ಮೊದಲ ಬಾರಿ ಕಾಣಿಸಿಕೊಂಡ ಈ ಹೆಣ್ಣು ಇವತ್ತಿಗೂ ಬಣ್ಣ ಕಳಚಿಲ್ಲ. ಗ್ಯಾಸ್‌ಬತ್ತಿಯ ಕಾಲದಿಂದ ಕಾಲರ್ ಮೈಕಿನ ಕಾಲದವರೆಗೆ ಬಂದಿದ್ದಾಳೆ. ಅವಳಿಗೆ ಮೊದಮೊದಲು ಕೊರಳು ಕೊಟ್ಟವರು ಗಂಡಸರು, ಆಮೇಲೆ ಹೆಂಗಸರು. ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡಲಿಲ್ಲ, ಒಬ್ಬರು ಅತ್ತಂತೆ ಇನ್ನೊಬ್ಬರು ಅಳಲಿಲ್ಲ.

ನಾಟಕ ಮರಾಠಿಯದು, ನಿಜ. ಆದರೆ ಕನ್ನಡಿಗರು ಈ ಸುಭದ್ರೆಯನ್ನು ನೆರೆಮನೆಯ ಮಗಳೆಂದು ದೂರದಿಂದ ನೋಡಬೇಕಾಗಿಲ್ಲ. ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದೇ ವರ್ಷ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿಯ ಲೆಕ್ಕ ಶುರುವಾಗುತ್ತದೆ. ಭಾವೆಯವರಿಗೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಸಾಂಗಲಿಗೆ ಹೋಗಿದ್ದ ಯಕ್ಷಗಾನ ಮೇಳ. 1870ರಲ್ಲಿ ಚುರಮುರಿ ಶೇಷಗಿರಿರಾಯರು ಹಾಡುಗಳನ್ನು ಹೆಣೆದು ಕನ್ನಡಕ್ಕೆ ತಂದ ‘ಶಾಕುಂತಲ’ದ ನೆರಳು ಕಿರ್ಲೋಸ್ಕರರ 1880ರ ‘ಸಂಗೀತ ಶಾಕುಂತಲ’ದ ಮೇಲೆ ಬಿದ್ದಿದೆ ಎಂದು ನಮ್ಮ ರಂಗ ಇತಿಹಾಸಕಾರರು ವಾದಿಸುತ್ತ ಬಂದಿದ್ದಾರೆ. ‘ಸೌಭದ್ರ’ದ ಹಾಡುಗಳಲ್ಲಿ ಕನ್ನಡ ನಾಡಿನ ಮಟ್ಟುಗಳು ಇವೆಯೆಂಬುದನ್ನಂತೂ ಮರಾಠಿಯವರೂ ಒಪ್ಪುತ್ತಾರೆ. ಇದೇ ಹೊತ್ತಿಗೆ ಗದಗಿನಲ್ಲಿ ಶಾಂತಕವಿಗಳು ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಕೊಟ್ಟಿದ್ದೂ ಉಂಟು, ಸೆಣಸಿದ್ದೂ ಉಂಟು.

ಕತೆ ಎಲ್ಲರಿಗೂ ಗೊತ್ತಿರುವುದೇ. ಸುಭದ್ರೆಗೆ ಅರ್ಜುನನ ಮೇಲೆ ಮನಸ್ಸು, ಅಣ್ಣ ಬಲರಾಮನಿಗೆ ಅವಳನ್ನು ದುರ್ಯೋಧನನಿಗೆ ಕೊಡುವ ಹಟ, ನಡುವೆ ನಗುತ್ತಲೇ ದಾಳ ಉರುಳಿಸುವ ಕೃಷ್ಣ. ಯಕ್ಷಗಾನದಲ್ಲಿ, ಹರಿಕತೆಯಲ್ಲಿ ನಾವು ಕೇಳಿಯೇ ಬೆಳೆದದ್ದು. ಕಿರ್ಲೋಸ್ಕರರ ಹೆಚ್ಚುಗಾರಿಕೆಯೆಂದರೆ ಪುರಾಣದ ಈ ರಾಜಕುಮಾರಿಯನ್ನು ಮದುವೆಯ ವಯಸ್ಸಿನ ಮನೆಮಗಳನ್ನಾಗಿ ಮಾಡಿದ್ದು. ಯಾರನ್ನು ಕೇಳಿ ಮದುವೆ ಗೊತ್ತುಮಾಡಿದಿರಿ ಎಂದು ಬಾಯಿಬಿಟ್ಟು ಕೇಳಲಾರದವಳು ಆ ಮಾತನ್ನು ಹಾಡಿನಲ್ಲಿ ಕೇಳುತ್ತಾಳೆ. ಹಾಗಾಗಿ ಈ ಪಾತ್ರದಲ್ಲಿ ಹಾಡು ಅಲಂಕಾರವಲ್ಲ. ಮಾತು ಎಲ್ಲಿ ನಿಂತು ಹಾಡು ಎಲ್ಲಿ ಎದ್ದಿತು ಎಂಬುದನ್ನು ನೋಡಿಯೇ ಸುಭದ್ರೆಯನ್ನು ಅಳೆಯಬೇಕು ಎಂಬುದು ನನ್ನ ಪಟ್ಟು.

ಮೊದಲಿಗರಾದ ಭಾವೂರಾವ್ ಕೊಲ್ಹಟಕರರನ್ನು ಹಾಗೆ ಅಳೆಯಲು ನಮಗೆ ಸಾಧನವೇ ಇಲ್ಲ. ಬಡೋದೆಯಿಂದ ಬಂದ, ಹತ್ತೊಂಬತ್ತರ ಹರೆಯದ ಈ ಗಾಯಕ ಸುಭದ್ರೆಯಾಗಿ ನಿಂತಾಗ ಬಾಳಕೋಬಾ ನಾಟೇಕರರು ಕೃಷ್ಣ, ಮೋರೋಬಾ ವಾಘೋಲೀಕರರು ಅರ್ಜುನ. ಭಾವೂರಾಯರದು ಏರುಶ್ರುತಿಯ, ಚೂಪಾದ, ಮೈಕಿಲ್ಲದೆ ಇಡೀ ಥಿಯೇಟರನ್ನು ತುಂಬುವ ದನಿಯೆಂದು ಕೇಳಿದವರು ಬರೆದಿಟ್ಟಿದ್ದಾರೆ. ಆಗಿನ ಹಾಡುಗಳೂ ಆ ದನಿಗೆ ತಕ್ಕವೇ: ನೂರರ ಆಸುಪಾಸಿನ ಪದಗಳು, ಸಾಕಿ, ದಿಂಡಿ, ಲಾವಣಿಯ ಧಾಟಿಯ ಚಿಕ್ಕ ಚಿಕ್ಕ ತುಂಡುಗಳು. ಹಾಡು ಸಂಭಾಷಣೆಯ ಮುಂದಿನ ಸಾಲಾಗಿ ಬಂದು ಅಷ್ಟೇ ಬೇಗ ಮುಗಿಯುತ್ತಿತ್ತು. ಕೊಲ್ಹಟಕರರು ತೀರಿಕೊಂಡದ್ದು 1901ರಲ್ಲಿ. ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕರು ಕಲ್ಕತ್ತೆಗೆ ಬಂದಿಳಿದದ್ದು 1902ರಲ್ಲಿ. ಒಂದೆರಡು ವರ್ಷದ ಅಂತರದಲ್ಲಿ ಮೊದಲ ಸುಭದ್ರೆಯ ದನಿ ನಮ್ಮ ಕೈತಪ್ಪಿಹೋಯಿತು. ಇದು ನನ್ನನ್ನು ಬಹಳ ಕಾಡುತ್ತದೆ. ಮೂಲದ ಅಳತೆಗೋಲೇ ಇಲ್ಲದೆ ಹೋದದ್ದರಿಂದ ಮುಂದೆ ಬಂದವರೊಬ್ಬರ ಸುಭದ್ರೆಯೇ ಮೂಲವೆಂದು ನಾವೆಲ್ಲ ನಂಬಿಬಿಟ್ಟೆವು.

ಅವರೇ ಬಾಲಗಂಧರ್ವ. ಮೂಲ ಹೆಸರು ನಾರಾಯಣ ಶ್ರೀಪಾದ ರಾಜಹಂಸ. 1905ರಲ್ಲಿ ಕಿರ್ಲೋಸ್ಕರ ಮಂಡಳಿಗೆ ಸೇರಿ ಶಕುಂತಲೆಯಾಗಿ ರಂಗಕ್ಕೆ ಬಂದರು, 1913ರಲ್ಲಿ ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಅವರು ಉಟ್ಟ ಸೀರೆ, ಮುಡಿದ ಹೂವು, ತೊಟ್ಟ ಒಡವೆ ಮರುದಿನ ಊರ ಹೆಂಗಸರ ಮೈಮೇಲೆ ಕಾಣುತ್ತಿದ್ದವಂತೆ. ಅದಕ್ಕಿಂತ ದೊಡ್ಡ ಬದಲಾವಣೆ ಹಾಡಿನಲ್ಲಾಯಿತು. ಭಾಸ್ಕರಬುವಾ ಬಖಲೆಯವರ ಪಾಠದಿಂದ ಪಳಗಿದ ಬಾಲಗಂಧರ್ವರು ಕಿರ್ಲೋಸ್ಕರರ ಚಿಕ್ಕ ಪದಗಳನ್ನು ರಾಗದ ಹರವಿಗೆ ಒಡ್ಡಿದರು. ಪಕ್ಕದಲ್ಲಿ ಆರ್ಗನ್, ಕಾದರ್ ಬಕ್ಷರ ಸಾರಂಗಿ, ಅಹಮದ್‌ಜಾನ್ ತಿರಕವಾ ಅವರ ತಬಲಾ. ಒನ್ಸ್ ಮೋರ್ ಕೂಗಿಗೆ ಒಂದೇ ಹಾಡು ಮತ್ತೆ ಮತ್ತೆ ಏಳುತ್ತಿತ್ತು, ನಾಟಕ ಮುಗಿಯುವ ಹೊತ್ತಿಗೆ ಬೆಳಗಾಗುತ್ತಿತ್ತು.

ದಿಕ್ಕುಗಾಣದ ಸುಭದ್ರೆ ಯಾರಲ್ಲಿ ಆಸರೆ ಬೇಡಲಿ ಎಂದು ಕೊರಗುವ ಹಾಡನ್ನು ಅವರ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ. ಅಕ್ಷರದಿಂದ ಅಕ್ಷರಕ್ಕೆ ಸ್ವರ ಜಾರುವಾಗ ಎಲ್ಲಿಯೂ ಮೂಲೆ ಸಿಗುವುದಿಲ್ಲ. ತಾಳವನ್ನು ಹಿಡಿದೂ ಹಿಡಿಯದವರಂತೆ ತಡವಾಗಿ ಬಂದು ಸರಿಯಾಗಿ ಸಮಕ್ಕೆ ಕೂರುತ್ತಾರೆ. ಬಿಕ್ಕು ಇದೆ, ಆದರೆ ಅದು ಲಯದೊಳಗಿನ ಬಿಕ್ಕು. ಇದಕ್ಕೆ ಸಮನಾದದ್ದನ್ನು ನಾನು ಕೇಳಿಲ್ಲ. ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಸುಭದ್ರೆಗೆ ಸಿಟ್ಟು ಬರುವುದಿಲ್ಲ. ತನ್ನನ್ನು ಕೇಳದೆ ತನ್ನ ಮದುವೆ ಗೊತ್ತುಮಾಡಿದವರ ಮೇಲೆ ಅವಳಿಗೆ ಮುನಿಸಿದೆ, ನಾಚಿಕೆಯಿದೆ, ಕಣ್ಣೀರಿದೆ, ರೋಷವಿಲ್ಲ. ಹೆಣ್ಣು ಹೇಗಿದ್ದರೆ ಚೆಂದವೆಂದು ಆ ಕಾಲದ ಗಂಡು ಬಯಸಿದ್ದನೋ ಹಾಗೆಯೇ ಇದ್ದಾಳೆ. ಆ ಬಯಕೆಗೆ ಇಷ್ಟು ಮಧುರವಾದ ಕೊರಳು ಸಿಕ್ಕಿದ್ದರಿಂದ ಮುಂದಿನ ನಟಿಯರು ಅದನ್ನು ದಾಟಲು ಹೆಣಗಬೇಕಾಯಿತು.

ಇದೇ ಕಾಲದ ಇನ್ನೊಬ್ಬ ಸುಭದ್ರೆಯನ್ನು ಕನ್ನಡಿಗರಾದ ನಾವೇ ಮರೆತಿದ್ದೇವೆ. ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು. ಹುಟ್ಟಿದ್ದು 1886ರಲ್ಲಿ, ಬಾಲಗಂಧರ್ವರಿಗಿಂತ ಎರಡು ವರ್ಷ ಹಿರಿಯರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಬಳಿ ಕಲಿತು, ಗುರುವಿಗೆ ಅಷ್ಟೇನೂ ಇಷ್ಟವಿಲ್ಲದಿದ್ದರೂ ನಾಟಕದ ಬಣ್ಣ ಹಚ್ಚಿದರು. ಅವರ ಸುಭದ್ರೆ ಹೆಸರು ಮಾಡಿತು, ಜನ ಇಬ್ಬರು ಗಂಧರ್ವರನ್ನು ತೂಗಿ ನೋಡತೊಡಗಿದರು. ಅವರ ಕೊರಳು ಹುಟ್ಟಿನಿಂದ ಇಂಪಾದದ್ದಲ್ಲ. ಹರೆಯದಲ್ಲಿ ಒಡೆದ ದನಿ ಗಡುಸಾಯಿತು, ಅದನ್ನು ರಿಯಾಜಿನಿಂದ ಸ್ವರಸ್ವರವಾಗಿ ಕಡೆದು ತಂದರು. ಅಂಥ ಕೊರಳಿನಲ್ಲಿ ಸುಭದ್ರೆ ಲಾಲಿತ್ಯದಿಂದ ಗೆಲ್ಲುವಂತಿರಲಿಲ್ಲ, ಸ್ವರದ ತಪಸ್ಸಿನಿಂದಲೇ ಗೆಲ್ಲಬೇಕಿತ್ತು. ಅವರ ಧ್ವನಿಮುದ್ರಿಕೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ರಾಗ ಸಂಗೀತ. ಆ ಮುದ್ರಿಕೆಗಳಲ್ಲಿಯೂ ಒಂದು ಸ್ವರದ ಮೇಲೆ ನಿಂತು ಒತ್ತುವ, ಒತ್ತುತ್ತಲೇ ಕರಗುವ ಪರಿ ಕೇಳಿದರೆ ಪಾತ್ರದ ನೋವು ಎಲ್ಲಿಂದ ಬರುತ್ತಿತ್ತೆಂದು ಊಹಿಸಬಹುದು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರರ ಗುರುವೆಂದು ಅವರನ್ನು ಪೂಜಿಸುತ್ತೇವೆ. 1953ರಿಂದ ಪುಣೆಯಲ್ಲಿ ಅವರ ಹೆಸರಿನ ಉತ್ಸವ ನಡೆಯುತ್ತದೆ, ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ವರ್ಷ ವರ್ಷ ಗಾಯನ ನಡೆಯುತ್ತದೆ. ಆದರೆ ಹೆಣ್ಣಿನ ವೇಷದ ಆ ವರ್ಷಗಳನ್ನು ಸಂಗೀತಗಾರನ ಬಾಳಿನ ಸಣ್ಣ ತಿರುವೆಂಬಂತೆ ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ಇದು ಸರಿಯಲ್ಲ. ಗಂಡಿನ ಕೊರಳು ಹೆಣ್ಣಿನ ಅಳಲಾಗುವುದನ್ನು ರಂಗದ ಮೇಲೆ ಕಂಡುಕೊಂಡ ಗುರುವಿನ ಶಿಷ್ಯೆಯೇ ಗಂಗೂಬಾಯಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಡುದನಿಯಂತಾದ ತನ್ನ ಕೊರಳನ್ನು ಬಚ್ಚಿಡದೆ ಹಾಡಿದವರು. ಈ ಎರಡರ ನಡುವೆ ನಂಟಿದೆಯೆಂದು ನನಗೆ ಅನಿಸುತ್ತಲೇ ಇರುತ್ತದೆ.

1929ರಲ್ಲಿ ಹೀರಾಬಾಯಿ ಬಡೋದೇಕರರು ಬಂದರು. ಮಿರಜದಲ್ಲಿ ಹುಟ್ಟಿದ, ಅಬ್ದುಲ್ ಕರೀಂ ಖಾನ್ ಮತ್ತು ತಾರಾಬಾಯಿಯವರ ಮಗಳು. ಅಂದರೆ ಸವಾಯಿ ಗಂಧರ್ವರ ಗುರುವಿನ ಮಗಳು. ಒಡಹುಟ್ಟಿದವರನ್ನು ಕೂಡಿಸಿಕೊಂಡು ನೂತನ ಸಂಗೀತ ನಾಟಕ ಮಂಡಳಿ ಕಟ್ಟಿ, ‘ಸೌಭದ್ರ’ವನ್ನು ಎತ್ತಿಕೊಂಡು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ನಿಂತರು. ಮರ್ಯಾದಸ್ಥ ಮನೆಯ ಹೆಂಗಸು ನಾಟಕದ ಹತ್ತಿರ ಸುಳಿಯಬಾರದೆಂಬ ಕಾಲವದು. ಎದುರಿಗೆ ಬಾಲಗಂಧರ್ವರ ಕೀರ್ತಿ ಬೆಟ್ಟದಂತೆ ನಿಂತಿತ್ತು. ಹೆಣ್ಣಿಗಿಂತ ಚೆನ್ನಾಗಿ ಹೆಣ್ಣನ್ನು ಆಡುವ ಗಂಡಸಿನ ಎದುರು ಹೆಣ್ಣೊಬ್ಬಳು ಹೆಣ್ಣಾಗಿ ನಿಲ್ಲುವುದು ಸಾಮಾನ್ಯ ಎದೆಗಾರಿಕೆಯಲ್ಲ.

ಹೀರಾಬಾಯಿಯವರ ದಾರಿ ಕಡಿಮೆ ಮಾಡುವ ದಾರಿ. ಟಿಕೇಟಿಟ್ಟು ಸಾರ್ವಜನಿಕವಾಗಿ ಹಾಡಿದ ಮೊದಲ ಗಾಯಕಿಯರಲ್ಲಿ ಒಬ್ಬರಾದ ಅವರು ಕಛೇರಿಯಲ್ಲಿ ಕೈಸನ್ನೆ ಕಣ್ಸನ್ನೆಗಳನ್ನು ಬಿಟ್ಟು, ಸುಮ್ಮನೆ ಕೂತು, ಸ್ವರವನ್ನಷ್ಟೇ ನಂಬಿ ಹಾಡಿದವರು. ಆ ಸಂಯಮವೇ ಅವರ ನಾಟ್ಯಗೀತೆಗಳಲ್ಲಿಯೂ ಕೇಳುತ್ತದೆ. ಮುರ್ಕಿಗಳು ಎಣಿಸಿದಷ್ಟು, ಬಿಕ್ಕು ಇಲ್ಲವೇ ಇಲ್ಲ, ಪ್ರತಿ ಸ್ವರವೂ ತೊಳೆದಿಟ್ಟಷ್ಟು ಸ್ವಚ್ಛ. ಬಾಲಗಂಧರ್ವರಲ್ಲಿ ಸುಭದ್ರೆ ತನ್ನ ದುಃಖವನ್ನು ನಮಗೆ ತೋರಿಸುತ್ತಾಳೆ, ಹೀರಾಬಾಯಿಯವರಲ್ಲಿ ನಮಗೆ ಕಾಣದಂತೆ ತಡೆದುಕೊಳ್ಳುತ್ತಾಳೆ. ಈ ತಡೆಯಲ್ಲಿ ನನಗೆ ಮೊದಲ ಬಾರಿ ಸುಭದ್ರೆಯ ಸ್ವಾಭಿಮಾನ ಕೇಳಿಸುತ್ತದೆ. ಪಾತ್ರದ ಚರಿತ್ರೆಯಲ್ಲಿ ದೊಡ್ಡ ತಿರುವು ಯಾವುದೆಂದು ಕೇಳಿದರೆ ನಾನು ಹಿಂಜರಿಯದೆ ಇದನ್ನೇ ತೋರಿಸುತ್ತೇನೆ. ಮಂಡಳಿ ಬಹುಕಾಲ ಬಾಳಲಿಲ್ಲ. ಟಾಕಿ ಬಂದಿತ್ತು, ಸಾಲ ಏರಿತ್ತು, ಹೀರಾಬಾಯಿ ಕಛೇರಿಗೆ ಮರಳಿದರು.

ಸಿನೆಮಾ ಬಾಲಗಂಧರ್ವರನ್ನೂ ಬಿಡಲಿಲ್ಲ. 1935ರ ‘ಧರ್ಮಾತ್ಮಾ’ದಲ್ಲಿ ಅವರು ಸಂತ ಏಕನಾಥ, ಎರಡು ವರ್ಷದ ಬಳಿಕ ‘ಸಾಧ್ವಿ ಮೀರಾಬಾಯಿ’ಯಲ್ಲಿ ಮೀರೆ. ರಂಗದ ದೂರದಲ್ಲಿ ಸತ್ಯವಾಗಿದ್ದ ಹೆಣ್ಣು ಕ್ಯಾಮೆರಾದ ಹತ್ತಿರದಲ್ಲಿ ನಿಲ್ಲಲಿಲ್ಲ. ಆಗ ಮಂಡಳಿಯ ನಾಯಕಿಯಾಗಿ ಬಂದವರು ಬೀಳಗಿಯ ಗೋಹರಬಾಯಿ ಕರ್ನಾಟಕಿ, ಸಿನೆಮಾ ಹಾಡುಗಾರ್ತಿ ಅಮೀರಬಾಯಿಯವರ ಸೋದರಿ. ಬಾಲಗಂಧರ್ವರ ಗಾಯನಶೈಲಿಯನ್ನು ಉಸಿರಿನಷ್ಟು ಒಳಗೆ ಎಳೆದುಕೊಂಡವರು. ಗಂಡಸು ಹೆಣ್ಣನ್ನು ನೋಡಿ ಕಟ್ಟಿದ ರೀತಿಯನ್ನು ಹೆಣ್ಣು ಆ ಗಂಡಸಿನಿಂದ ಮರಳಿ ಕಲಿತಳು. 1951ರಲ್ಲಿ ಅವರಿಬ್ಬರ ಮದುವೆಯಾಯಿತು. ಆ ಮೇರು ಕಲಾವಿದನ ಇಳಿಗಾಲಕ್ಕೆ ಮರಾಠಿ ರಸಿಕರು ಅನೇಕರು ಗೋಹರಬಾಯಿಯನ್ನೇ ದೂರಿದರು. ನಾಟಕದ ಸಾಲ, ಟಾಕಿಯ ಪೈಪೋಟಿ, ವಯಸ್ಸು ಎಲ್ಲವೂ ಸೇರಿ ಮಾಡಿದ್ದನ್ನು ಒಬ್ಬ ಮುಸ್ಲಿಂ ಹೆಣ್ಣಿನ ತಲೆಗೆ ಕಟ್ಟಿದ್ದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಸಂಕಟದ ಆ ವರ್ಷಗಳಲ್ಲಿ ಗಂಧರ್ವ ಗಾಯನಶೈಲಿ ರಂಗದ ಮೇಲೆ ಉಸಿರಾಡಿದ್ದು ಅವರ ಕೊರಳಿನಿಂದಲೂ ಹೌದು. 1964ರಲ್ಲಿ ಅವರು ತೀರಿಕೊಂಡರು, ಮೂರು ವರ್ಷದ ಬಳಿಕ ಬಾಲಗಂಧರ್ವರು.

ಮುಂದಿನದು ಶಿಲೇದಾರ ಮನೆತನದ ಕಾಲ. ಜಯರಾಮ ಮತ್ತು ಜಯಮಾಲಾ ಶಿಲೇದಾರ ದಂಪತಿ 1949ರಲ್ಲಿ ‘ಮರಾಠಿ ರಂಗಭೂಮಿ’ ಸಂಸ್ಥೆ ಕಟ್ಟಿದರು. ಬಾಲಗಂಧರ್ವರೊಡನೆ ರಂಗ ಹಂಚಿಕೊಂಡ ಜಯಮಾಲಾ ಆ ಶೈಲಿಯನ್ನು ಹತ್ತಿರದಿಂದ ಪಡೆದವರು. ಮಗಳು ಕೀರ್ತಿ ಶಿಲೇದಾರ ಅದನ್ನು ಬೇರೆ ಕಾಲಕ್ಕೆ ತಂದರು. ಆ ಹೊತ್ತಿಗೆ ರಾತ್ರಿಯಿಡೀ ಕೂರುವ ಪ್ರೇಕ್ಷಕ ಇರಲಿಲ್ಲ. ನಾಟಕ ಮೂರು ಗಂಟೆಗೆ ಇಳಿದಿತ್ತು, ಹಾಡುಗಳು ಉದುರಿದ್ದವು, ಮೈಕು ಬಂದಿತ್ತು. ಕೀರ್ತಿಯವರ ಸುಭದ್ರೆಯಲ್ಲಿ ಗಾಯನ ಗಂಧರ್ವ ಪರಂಪರೆಯದೇ, ಮಾತು ಮಾತ್ರ ಚುರುಕು, ಕಣ್ಣಿನಲ್ಲಿ ತುಂಟತನ. ಮಾತಿನಿಂದ ಹಾಡಿಗೆ ಜಿಗಿಯುವ ಕ್ಷಣ ಮತ್ತೆ ಚಿಕ್ಕದಾಯಿತು. ಒಂದು ಅರ್ಥದಲ್ಲಿ ಮೈಕು ಅವಳನ್ನು ಕೊಲ್ಹಟಕರರ ಕಾಲದ ವೇಗಕ್ಕೆ ಒಯ್ದಿತು ಎನ್ನಬಹುದು. 2022ರ ಜನವರಿಯಲ್ಲಿ ಕೀರ್ತಿ ಹೋದ ಮೇಲೆ, ಸಂಗೀತ ನಾಟಕವನ್ನೇ ಬಾಳಾಗಿಸಿಕೊಂಡ ನಟಿಯರ ಪೀಳಿಗೆ ತೆಳುವಾಗಿದೆ. ಹಾಡಬಲ್ಲವರು ಅನೇಕರಿದ್ದಾರೆ. ಹಾಡುತ್ತ ಪಾತ್ರವಾಗಿ ಉಳಿಯಬಲ್ಲವರು ಕಡಿಮೆ.

ನಾನಿರುವ ದೋಹಾದಲ್ಲಿ ಈ ಎಲ್ಲ ಸುಭದ್ರೆಯರನ್ನು ಕೇಳುವುದು ಫೋನಿನಲ್ಲಿ. ತಟ್ಟೆಯ ಮೂರೂವರೆ ನಿಮಿಷ, ಆಕಾಶವಾಣಿಯ ತುಣುಕು, ಯಾರೋ ಕ್ಯಾಮೆರಾ ಇಟ್ಟು ಹಿಡಿದ ಪ್ರಯೋಗ. ಹೋಲಿಸಲು ಇದರಿಂದ ಅನುಕೂಲ, ಒಂದೇ ಸಂಜೆ ಹೀರಾಬಾಯಿಯಿಂದ ಕೀರ್ತಿಗೆ ದಾಟಬಹುದು. ತೊಂದರೆಯೆಂದರೆ ತಟ್ಟೆಯಲ್ಲಿ ಹಾಡಿನ ಹಿಂದುಮುಂದಿನ ಮಾತು ಇರುವುದಿಲ್ಲ. ಸುಭದ್ರೆಯ ಅರ್ಧ ಅಲ್ಲಿಯೇ ಇರುವುದು. ಈ ಊರಿನ ಕರ್ನಾಟಕ ಸಂಘ, ಮಹಾರಾಷ್ಟ್ರ ಮಂಡಳ ಎರಡೂ ಭಾರತೀಯ ಸಾಂಸ್ಕೃತಿಕ ಕೇಂದ್ರದ ಆಶ್ರಯದಲ್ಲಿರುವವು. ಬೆಳಗಾವಿ, ಹುಬ್ಬಳ್ಳಿ, ಸಾಂಗಲಿ, ಕೊಲ್ಹಾಪುರ ಕಡೆಯ ಮನೆಗಳಲ್ಲಿ ಎರಡೂ ಭಾಷೆ ಬಲ್ಲವರು ಸಿಗುತ್ತಾರೆ. ಮಾತನ್ನು ಕನ್ನಡದಲ್ಲಿ, ಪದಗಳನ್ನು ಮೂಲದಲ್ಲಿ ಇಟ್ಟುಕೊಂಡು ‘ಸೌಭದ್ರ’ದ ಒಂದೇ ಒಂದು ಅಂಕವನ್ನು ಎರಡೂ ಸಂಘದವರು ಸೇರಿ ಆಡಲಿ ಎಂಬುದು ನನ್ನ ಆಸೆ. ಸುಭದ್ರೆಯಾಗುವ ಹುಡುಗಿ ಬಾಲಗಂಧರ್ವರ ತಟ್ಟೆಗೆ ಮೊದಲು ಹೋಗುವುದು ಬೇಡ. ಹೀರಾಬಾಯಿಯವರನ್ನು ಕೇಳಲಿ, ಆಮೇಲೆ ಸವಾಯಿ ಗಂಧರ್ವರ ಒಂದು ರಾಗವನ್ನು, ಅದೂ ಆದ ಮೇಲೆ ಬಾಲಗಂಧರ್ವರನ್ನು.