ಮೂರು ಪೆನ್ನಿಯ ಕಂದಾಯ

ಮನೆ ಕಂದಾಯದ ರಸೀದಿಯನ್ನು ತಾವು ಎಂದಾದರೂ ಸಾವಧಾನವಾಗಿ ಓದಿದ್ದುಂಟೆ? ಹಣ ಕಟ್ಟಿ, ಕಾಗದವನ್ನು ಮಡಿಸಿ, ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಡುವುದೇ ನಮ್ಮಲ್ಲಿ ಹೆಚ್ಚಿನವರ ವಾಡಿಕೆ. ಆದರೆ ಅಂಥ ರಸೀದಿಯ ಹಿಂದೆ ಒಂದು ಹಳೆಯ ಪ್ರಶ್ನೆ ಅಡಗಿದೆ. ನೂರು ವರ್ಷ ಬಾಳತಕ್ಕ ಚರಂಡಿಯನ್ನು ಊರಿಗೆ ಕಟ್ಟಬೇಕಾದರೆ ಅದರ ಹಣವನ್ನು ಯಾರು ಕೊಡಬೇಕು? ಇಂದು ಇರುವವರೆ, ನಾಳೆ ಬರುವವರೆ? ಊರಿನವರೆಲ್ಲರೆ, ಚರಂಡಿ ಹಾಯುವ ಬೀದಿಯವರು ಮಾತ್ರವೆ?

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ರಾಮ್ನಿ ಎಂಬ ಜೌಗುನೆಲವಿದೆ. ಕಡಲಿಗೆ ಕಟ್ಟೆ ಹಾಕಿ ಉಳಿಸಿಕೊಂಡ ಭೂಮಿ ಅದು. ಕಟ್ಟೆಯಿಂದ ಯಾರ ಹೊಲ ಉಳಿಯಿತೋ ಅವರೇ, ತಂತಮ್ಮ ಜಮೀನಿನ ಅಳತೆಗೆ ತಕ್ಕಂತೆ, ಅದರ ವೆಚ್ಚವನ್ನು ಹೊರತಕ್ಕದ್ದೆಂಬುದು ಮಧ್ಯಯುಗದಿಂದಲೂ ಅಲ್ಲಿ ನಡೆದುಬಂದ ಪದ್ಧತಿ. ನಮ್ಮ ಕೆರೆಯ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1427ರಲ್ಲಿಯೂ 1531ರಲ್ಲಿಯೂ ಪಾರ್ಲಿಮೆಂಟು ಇಂಥ ಪದ್ಧತಿಗೆ ಶಾಸನದ ಬಲ ಕೊಟ್ಟು, ನೀರ್ಗಾಲುವೆಗಳ ಮೇಲ್ವಿಚಾರಣೆಗೆ ಆಯೋಗಗಳನ್ನು ನೇಮಿಸುವ ಏರ್ಪಾಡು ಮಾಡಿತು. ಆ ಆಯೋಗದ ಎಲ್ಲೆಯೊಳಗಿದ್ದವರು ಪ್ರತ್ಯೇಕ ಕಂದಾಯ ಕೊಡಬೇಕು. ಈಚೆಗೆ ವಿಶೇಷ ತೆರಿಗೆ ವಲಯವೆಂದು ಕರೆಯುವುದಕ್ಕೆ ಇದೇ ಬೇರು.

ಹೊಲಕ್ಕೆ ಒಪ್ಪುವ ಈ ಏರ್ಪಾಡು ಲಂಡನ್ನಿನಂಥ ಮಹಾನಗರದಲ್ಲಿ ಎಡವಿತು. ಅಲ್ಲಿ ಒಂದಲ್ಲ, ಹಲವು ಆಯೋಗಗಳಿದ್ದವು. ಒಂದರ ಕಾಲುವೆಗೂ ಇನ್ನೊಂದರ ಕಾಲುವೆಗೂ ಅಳತೆ ಹೊಂದುತ್ತಿರಲಿಲ್ಲ. ತನ್ನ ಎಲ್ಲೆ ದಾಟಿದ ಕೊಳೆಯ ವಿಚಾರ ತನಗೆ ಬೇಡವೆಂಬುದೇ ಪ್ರತಿಯೊಂದರ ಧೋರಣೆ. ಮನೆಯ ಮಲಿನವನ್ನು ಹೊಂಡದಲ್ಲಿ ಇಟ್ಟುಕೊಳ್ಳಬೇಕೇ ಹೊರತು ಕಾಲುವೆಗೆ ಬಿಡಕೂಡದೆಂಬ ನಿಯಮ 1815ರವರೆಗೂ ಇತ್ತು. ಅನಂತರ ಅದು ಸಡಿಲಿತು. 1840ರ ದಶಕದ ಕೊನೆಗೆ, ಹೊಂಡಗಳನ್ನೇ ಮುಚ್ಚಿ ಎಲ್ಲವನ್ನೂ ಕಾಲುವೆಗೆ ಹರಿಸಬೇಕೆಂದು ಕಟ್ಟಾಜ್ಞೆಯಾಯಿತು. ಕಾಲುವೆಗಳು ಹೋಗಿ ಸೇರುತ್ತಿದ್ದುದು ಥೇಮ್ಸ್ ನದಿಗೆ. ಅನೇಕರು ಕುಡಿಯುತ್ತಿದ್ದ ನೀರೂ ಅದರದೇ. 1848-49ರ ಕಾಲರಾದಲ್ಲಿ ಸುಮಾರು 14,000 ಜನ ಸತ್ತರು. 1853-54ರಲ್ಲಿ ಮತ್ತೆ 10,000ಕ್ಕೂ ಮಿಗಿಲಾದವರು.

ಕೊನೆಗೆ 1855ರಲ್ಲಿ ಇಡೀ ನಗರಕ್ಕೆ ಒಂದೇ ಕಾಮಗಾರಿ ಮಂಡಲಿಯನ್ನು ರಚಿಸುವ ಕಾಯಿದೆ ಬಂತು. ಜೋಸೆಫ್ ಬೆಜಲ್ಜೆಟ್ ಅದರ ಮುಖ್ಯ ಇಂಜಿನಿಯರು. ನದಿಗೆ ಸಮಾನಾಂತರವಾಗಿ ದೊಡ್ಡ ಕಾಲುವೆಗಳನ್ನು ಅಗೆದು, ಹೊಲಸನ್ನು ನದಿ ಸೇರುವ ಮೊದಲೇ ಅಡ್ಡಗಟ್ಟಿ, ಊರಿನ ಪೂರ್ವಕ್ಕೆ ದೂರ ಸಾಗಿಸುವುದು ಅವನ ಯೋಜನೆ. ಆದರೆ ಹಣವೆಲ್ಲಿ? ನಕ್ಷೆಗೆ ಮಂತ್ರಿಯ ಒಪ್ಪಿಗೆಯೂ ಬೇಕು. ಕಾಗದಗಳು ಎರಡು ವರ್ಷ ಅತ್ತಿಂದಿತ್ತ ಓಡಾಡಿದವು.

ಕಡತವನ್ನು ಕದಲಿಸಿದ್ದು 1858ರ ಬೇಸಗೆ. ಸುಡುಬಿಸಿಲಿಗೆ ನದಿ ಇಳಿದು, ದುರ್ಗಂಧವು ದಂಡೆಯ ಮೇಲಿದ್ದ ಪಾರ್ಲಿಮೆಂಟು ಭವನಕ್ಕೇ ನುಗ್ಗಿತು. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗಬಿಟ್ಟರೂ ಸದಸ್ಯರು ಕೂರಲಾರದಾದರು. ಬಡವರ ಸಾವು ಮಾಡಿಸಲಾರದ ಕೆಲಸವನ್ನು ಶ್ರೀಮಂತರ ಮೂಗು ಮಾಡಿಸಿತು! ಜುಲೈ ಮಧ್ಯದಲ್ಲಿ ಡಿಸ್ರೇಲಿ ಮಂಡಿಸಿದ ಮಸೂದೆ ಆಗಸ್ಟ್ 2ರಂದು ಕಾಯಿದೆಯಾಯಿತು.

ಕಾಯಿದೆಯ ಜಾಣ್ಮೆ ಅದರ ಲೆಕ್ಕದಲ್ಲಿದೆ. ಮಂಡಲಿ 30 ಲಕ್ಷ ಪೌಂಡು ಸಾಲ ಎತ್ತಬಹುದು. ಸಾಲಕ್ಕೆ ಸರ್ಕಾರದ ಖಜಾನೆ ಜಾಮೀನು. ಅದನ್ನು ತೀರಿಸಲು ಲಂಡನ್ನಿನ ಮನೆಗಳ ಮೇಲೆ, ವಾರ್ಷಿಕ ಬಾಡಿಗೆ ಬೆಲೆಯ ಪ್ರತಿ ಪೌಂಡಿಗೆ ಮೂರು ಪೆನ್ನಿಯಂತೆ, 40 ವರ್ಷ ಪ್ರತ್ಯೇಕ ಕಂದಾಯ. ಪೌಂಡಿಗೆ 240 ಪೆನ್ನಿಗಳಿದ್ದ ಕಾಲವದು. 20 ಪೌಂಡು ಬಾಡಿಗೆಯ ಮನೆಗೆ ವರ್ಷಕ್ಕೆ 60 ಪೆನ್ನಿ, ಎಂದರೆ 5 ಷಿಲಿಂಗು.

ಸಾಲವೇ ಶೂಲವೆಂದು ಕೇಳಿ ಬೆಳೆದವರು ನಾವು. ಪಿತೃಋಣ ನಮಗೆ ಗೊತ್ತು. ಇಲ್ಲಿ ಅಜ್ಜ ಮಾಡಿದ ಸಾಲವನ್ನು ಮೊಮ್ಮಗ ತೀರಿಸಬೇಕಾಗಿದೆ. ಇದು ನ್ಯಾಯವೆ? ನ್ಯಾಯವೆಂದೇ ನನ್ನ ಅಭಿಪ್ರಾಯ. ಇಡೀ ವೆಚ್ಚವನ್ನು 1858ರವರ ಮೇಲೆಯೇ ಹೊರಿಸಿದ್ದರೆ ಕಾಲುವೆ ಏಳುತ್ತಲೇ ಇರಲಿಲ್ಲ. ಆ ವರ್ಷ ಹುಟ್ಟಿದ ಕೂಸು ನಲವತ್ತು ತುಂಬುವವರೆಗೆ ಅದರ ಫಲವುಂಡಿತು, ತನ್ನ ಪಾಲನ್ನೂ ಕೊಟ್ಟಿತು. 82 ಮೈಲಿ ಹೆಗ್ಗಾಲುವೆ, 31 ಕೋಟಿಗೂ ಮೀರಿದ ಇಟ್ಟಿಗೆ! ವೆಚ್ಚ ಮಾತ್ರ 40 ಲಕ್ಷ ಪೌಂಡನ್ನು ದಾಟಿತು. ಕಟ್ಟಡದ ಅಂದಾಜು ಹಿಗ್ಗದ ದೇಶ ಯಾವುದಿದೆ? 1865ರ ಏಪ್ರಿಲ್‌ನಲ್ಲಿ ಯುವರಾಜನೇ ಬಂದು ಕ್ರಾಸ್‌ನೆಸ್ಸಿನ ಪಂಪುಮನೆಯನ್ನು ಚಾಲನೆಗೊಳಿಸಿದನು.

ಅದರ ಮರುವರ್ಷವೇ ಕಾಲರಾ ಮರಳಿ ಬಂತು. ಹೊಸ ಕಾಲುವೆ ಮುಟ್ಟಿದ್ದ ಪಶ್ಚಿಮ ಭಾಗ ಬಹುಮಟ್ಟಿಗೆ ಪಾರಾಯಿತು. ಪೂರ್ವ ಲಂಡನ್ನಿನ ಕೂಲಿಕಾರರ ಬೀದಿಗಳಲ್ಲಿ 5,500ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯ ನೀರು ಕೆಟ್ಟಿತ್ತು. ಆ ಭಾಗದ ಕಾಲುವೆಗೆ ಬೇಕಾದ ಆಬಿ ಮಿಲ್ಸ್ ಪಂಪುಮನೆ 1868ರವರೆಗೆ ಮುಗಿದಿರಲಿಲ್ಲ. ಮೂರು ಪೆನ್ನಿಯ ಕಂದಾಯವೇನೋ ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಆಗಿತ್ತು. ಯಾವ ಬೀದಿಗೆ ಮೊದಲು, ಯಾವುದಕ್ಕೆ ಕೊನೆಗೆ ಎಂಬುದನ್ನು ಕಂದಾಯದ ಶಾಸನ ಹೇಳುವುದಿಲ್ಲ.

ಮಂಡಲಿ 1889ರಲ್ಲಿ ರದ್ದಾಯಿತು. ಅದರ ಸಾಲ ರದ್ದಾಗಲಿಲ್ಲ. ಹೊಸ ಕೌಂಟಿ ಕೌನ್ಸಿಲಿನ ಹೆಗಲೇರಿತು.

ಇದೆಲ್ಲ ಪರದೇಶದ ಪುರಾಣವೆನ್ನದಿರಿ. ಭಾರತದಲ್ಲಿ ಪುರಸಭಾ ಬಾಂಡುಗಳಿಗೆ ಹೊಸ ದಾರಿ ತೆರೆದದ್ದು 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ. ಮೊತ್ತ 125 ಕೋಟಿ ರೂಪಾಯಿ, ರಾಜ್ಯ ಸರ್ಕಾರದ ಜಾಮೀನು. ಮರುವರ್ಷ ಅಹಮದಾಬಾದು ಅಂಥ ಜಾಮೀನಿಲ್ಲದೆಯೇ 100 ಕೋಟಿ ಎತ್ತಿ, ನೀರು ಮತ್ತು ಒಳಚರಂಡಿಗೆ ತೊಡಗಿಸಿತು. 2005ರಲ್ಲಿ ಯಲಹಂಕ, ಕೆಂಗೇರಿ, ಬೊಮ್ಮನಹಳ್ಳಿ ಮೊದಲಾದ, ಬೆಂಗಳೂರನ್ನು ಸುತ್ತುವರಿದ 8 ಪಟ್ಟಣಗಳ ಕುಡಿಯುವ ನೀರಿಗಾಗಿ ಒಂದು ಕೂಡುನಿಧಿಯ ಮೂಲಕ 100 ಕೋಟಿಯ ಬಾಂಡು ಹೊರಟಿತು. ಒಂಟಿಯಾಗಿ ಹೋದರೆ ಸಾಲ ಹುಟ್ಟದ ಚಿಕ್ಕ ಊರುಗಳು ಒಟ್ಟಾಗಿ ಹೋದವು. ಮನೆಯವರಿಂದಲೂ ನಿವೇಶನದ ಅಳತೆಗೆ ತಕ್ಕ ವಂತಿಗೆಯನ್ನು ಮುಂಗಡವಾಗಿ ಕಟ್ಟಿಸಿಕೊಳ್ಳಲಾಯಿತು. 2007ರಲ್ಲಿ ಆ 8 ಪುರಸಭೆಗಳೂ ಬೃಹತ್ ಬೆಂಗಳೂರಿನಲ್ಲಿ ಕರಗಿದವು. ಆ ಕೊಳಾಯಿಗಳು ನಂಬಿದ್ದ ಕಾವೇರಿ ನಾಲ್ಕನೆಯ ಹಂತದ ಎರಡನೆಯ ಘಟ್ಟ ಪೂರ್ಣಗೊಂಡದ್ದು 2012ರಲ್ಲಿ. ವಂತಿಗೆಯ ರಸೀದಿಗಳು ಅಷ್ಟು ದಿನವೂ ಪೆಟ್ಟಿಗೆಯ ತಳದಲ್ಲಿದ್ದವು.