ನೆರೆಯವರ ಕಾವಲು: ಲೈಬೀರಿಯಾ, 1990–1997

1989ರ ಡಿಸೆಂಬರ್ 24ರಂದು ಚಾರ್ಲ್ಸ್ ಟೇಲರ್‌ನ ಬಂಡುಕೋರರು ನಿಂಬಾ ಪ್ರಾಂತ್ಯಕ್ಕೆ ನುಗ್ಗಿದರು. ಲೈಬೀರಿಯಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದೂರದ ದೇಶಗಳು ಹಿಂಜರಿದಾಗ ನೆರೆಯವರೇ ಮುಂದೆ ಬಂದರು. ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಆರ್ಥಿಕ ಸಮುದಾಯ ‘ಇಕೋವಾಸ್’ ಕಟ್ಟಿದ ‘ಇಕೋಮಾಗ್’ ಪಡೆ 1990ರ ಆಗಸ್ಟ್ 24ರಂದು ಮನ್ರೋವಿಯಾ ಬಂದರಿನಲ್ಲಿ ಇಳಿಯಿತು. ನೈಜೀರಿಯಾ, ಘಾನಾ, ಗಿನಿ, ಗ್ಯಾಂಬಿಯಾ, ಸಿಯೆರಾ ಲಿಯೋನ್‌ಗಳ ಸೈನಿಕರು ಅದರಲ್ಲಿದ್ದರು.

ಹಾದಿ ಕಠಿಣವಾಗಿತ್ತು. ಸೆಪ್ಟೆಂಬರ್ 9ರಂದು ಅಧ್ಯಕ್ಷ ಸ್ಯಾಮ್ಯುಯೆಲ್ ಡೋ ಈ ಪಡೆಯ ಕೇಂದ್ರ ಕಚೇರಿಯಲ್ಲೇ ಸೆರೆಸಿಕ್ಕರು, ಬಳಿಕ ಕೊಲೆಯಾದರು. ಸೈನಿಕರ ಮೇಲೆ ಲೂಟಿಯ ಆರೋಪಗಳೂ ಬಂದವು. ಆದರೂ ಹಸಿದ ರಾಜಧಾನಿಗೆ ಅನ್ನ, ಔಷಧಿ ತಲುಪಲು ದಾರಿಯಾದದ್ದು ಈ ಕಾವಲೇ.

1993ರಲ್ಲಿ ವಿಶ್ವಸಂಸ್ಥೆಯ ವೀಕ್ಷಕರು ಜೊತೆಗೂಡಿದರು. 1997ರ ಜುಲೈನಲ್ಲಿ ಚುನಾವಣೆ ನಡೆಯಿತು. ಆದರೆ 1999ರಲ್ಲಿ ಬಂದೂಕು ಮತ್ತೆ ಸಿಡಿಯಿತು. ಶಾಂತಿ ನೆಲೆಯೂರಿದ್ದು 2003ರ ಒಪ್ಪಂದದ ನಂತರ.