ಮೂಸೆಗಿಳಿದ ಬೆಳ್ಳಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆಯ ಕನ್ನಡ ಮನೆತನಗಳಲ್ಲಿ ಹಳೆಯ ಬೆಳ್ಳಿಯನ್ನು ಎಸೆಯುವ ಮಾತೇ ಇರಲಿಲ್ಲ. ಸವೆದ ಕಾಲ್ಕಡಗವಾಗಲಿ, ಹರಿದ ಉಡಿದಾರವಾಗಲಿ ಪತ್ತಾರನ ಮೂಸೆಗಿಳಿದು, ಮಗಳ ಗೆಜ್ಜೆಯಾಗಿಯೋ ಲಿಂಗದ ಕರಡಿಗೆಯಾಗಿಯೋ ಮರಳಿ ಮನೆ ಸೇರುತ್ತಿತ್ತು. ಹರಳಿನ ಒಡವೆಯಾದರೆ ಮೊದಲು ಅರಗನ್ನು ಕಾಸಿ, ಕೆಂಪು ಪಚ್ಚೆಗಳನ್ನು ಬಿಡಿಸಿಕೊಂಡು, ಹೊಸ ಒಡವೆಯಲ್ಲಿ ಕೂಡಿಸುವರು. ಅಂಗಡಿಯ ಕಸವೂ ವ್ಯರ್ಥವಲ್ಲ. ಅದನ್ನು ತೊಳೆದು ಬೆಳ್ಳಿಬಂಗಾರದ ಕಣಗಳನ್ನು ಆರಿಸುವವನಿಗೆ ಜಲಗಾರನೆಂದು ಹೆಸರು. (ಕುವೆಂಪು ಅವರ ನಾಟಕದ ಜಲಗಾರನಾದರೋ ಬೀದಿ ಗುಡಿಸುವವನು.)

ಹೊಸ ಬೆಳ್ಳಿ ಬೇಕಾದಾಗ ರೂಪಾಯಿಯನ್ನೇ ಕರಗಿಸುವ ರೂಢಿಯಿತ್ತು. 1835ರ ಕಾಯಿದೆಯ ರೂಪಾಯಿಯ ತೂಕ 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲೆ. ಅದರಲ್ಲಿ ಶುದ್ಧ ಬೆಳ್ಳಿ 165 ಗ್ರೇನು. ಎಷ್ಟು ರೂಪಾಯಿ ಕೊಟ್ಟೆನೋ ಅಷ್ಟು ತೊಲೆಯ ಕಡಗ ಬರಬೇಕೆಂಬ ಲೆಕ್ಕ ಓದುಬರಹವಿಲ್ಲದ ರೈತನಿಗೂ ತಿಳಿಯುತ್ತಿತ್ತು. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1947ರಲ್ಲಿ ನಿಕ್ಕಲ್ಲಿನ ರೂಪಾಯಿ ಬಂದು, ಹೊಸ ನಾಣ್ಯದಿಂದ ಒಡವೆ ಮಾಡಿಸುವ ದಾರಿಯೇ ಮುಚ್ಚಿತು.

ಗೃಹಸ್ಥನಿಗೆ ಹಿತವಾದ ಈ ಮಿತವ್ಯಯ ಇತಿಹಾಸದ ಅಭ್ಯಾಸಿಗೆ ಮಾತ್ರ ಕಷ್ಟ ತಂದಿದೆ. ಶಾಸನಕ್ಕೆ ಕಲ್ಲಿದೆ, ಕಾವ್ಯಕ್ಕೆ ಓಲೆಯಿದೆ. ಅಜ್ಜಿಯ ಕಡಗದ ಮಾಟಕ್ಕೆ, ಅದು ಕರಗಿದ ಮೇಲೆ, ಯಾವ ಆಧಾರವೂ ಉಳಿಯದು. ಅದರೊಡನೆ ಅದರ ಕನ್ನಡ ಹೆಸರೂ ಹೋಗುತ್ತದೆ. ಗಡಿಯ ಪೇಟೆಯಲ್ಲಿ ಹೊಸ ಒಡವೆಗೆ ಬೇರೆ ಹೆಸರು ಕಾದಿರುತ್ತದೆ. ಉಪಾಧ್ಯಾಯ ಬಂಧುಗಳು ತಮ್ಮ ಊರಿನಲ್ಲಿ ಒಂದು ಒಡವೆ ಮೂಸೆಗೆ ಹೋಗುವ ಮುನ್ನ ಅದರ ಹೆಸರು, ತೂಕ, ತೊಡುವ ಬಗೆ, ಮಾಡಿದ ಪತ್ತಾರನ ಊರು, ಇಷ್ಟನ್ನಾದರೂ ಒಂದು ಚಿತ್ರದೊಡನೆ ಬರೆದಿಡಬೇಕು. ಶಾಲೆಯ ಮಕ್ಕಳಿಂದಲೇ ಈ ಕೆಲಸ ಮಾಡಿಸಬಹುದು. ಅಜ್ಜಿಯರು ಅವರಿಗೆ ಬೇಗ ಪೆಟ್ಟಿಗೆ ತೆರೆಯುತ್ತಾರೆ.